ಲೈಟ್ ಕರ್ಟನ್‌ನಲ್ಲಿ ಬ್ಲ್ಯಾಂಕಿಂಗ್: ಸೆಟ್ಟಿಂಗ್ ಎರಡು ನಿಮಿಷ, ಲೆಕ್ಕ ಮತ್ತು ಪರೀಕ್ಷೆ ಅರ್ಧ ದಿನ

ಪ್ರೆಸ್ ಮುಂದೆ ಲೈಟ್ ಕರ್ಟನ್ ಕೂರಿಸಿ ಆಯ್ತು. ಒಂದು ಕಂಬದಿಂದ (ಎಮಿಟರ್) ಇನ್ನೊಂದಕ್ಕೆ (ರಿಸೀವರ್) ಹೋಗುವ ಬೆಳಕಿನ ಬೀಮ್‌ಗಳ ಸಾಲು ಅದು, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುತ್ತದೆ. ವೈರಿಂಗ್ ಆಯ್ತು. ಹಸಿರು ದೀಪವೂ ಬಂತು. ಆಮೇಲೆ ಟೂಲ್ (ಪ್ರೆಸ್‌ಗೆ ಹಾಕುವ ಡೈ) ಹಾಕಿ ನೋಡಿದರೆ, ಫಿಕ್ಸ್ಚರ್‌ನ ಒಂದು ಬ್ರಾಕೆಟ್ ಸರಿಯಾಗಿ ಮೂರು ಬೀಮ್‌ಗಳಿಗೆ ಅಡ್ಡ ಬಂದು ನಿಂತಿದೆ. ಕೆಂಪು ದೀಪ ಹೋಗುವುದೇ ಇಲ್ಲ. ಈ ಹೊತ್ತಿಗೆ ಪಕ್ಕದಲ್ಲಿ ನಿಂತ ಯಾರಾದರೂ ಒಬ್ಬರು, "ಬ್ಲ್ಯಾಂಕಿಂಗ್ ಆನ್ ಮಾಡಿಬಿಡಿ ಸರ್, ಎರಡು ನಿಮಿಷದ ಕೆಲಸ" ಅಂತ ಹೇಳೇ ಹೇಳುತ್ತಾರೆ.

ಬ್ಲ್ಯಾಂಕಿಂಗ್ ಅಂದರೆ ಕೆಲವು ಬೀಮ್‌ಗಳು ಮುಚ್ಚಿದ್ದರೂ ಯಂತ್ರ ನಿಲ್ಲಿಸಬೇಡ ಎಂದು ಕರ್ಟನ್‌ಗೆ ಹೇಳುವ ಸೆಟ್ಟಿಂಗ್. ಅದನ್ನು ಬದಲಿಸಲು ಎರಡು ನಿಮಿಷ ಸಾಕು, ಅದು ನಿಜ. ಆದರೆ ಒಂದು ಬೀಮನ್ನು ಕುರುಡು ಮಾಡಿದಿರೆಂದರೆ ಅದು ಸಾಲ ತಂದ ಹಾಗೆ. ಕರ್ಟನ್ನನ್ನು ಅಪಾಯದ ಜಾಗದಿಂದ ಇನ್ನಷ್ಟು ಹಿಂದಕ್ಕೆ ಸರಿಸಿ ತೀರಿಸಬೇಕು, ಇಲ್ಲವೇ ತಗಡು ಹಾಕಿ ಸಂದು ಮುಚ್ಚಿ ತೀರಿಸಬೇಕು. ಮೂರನೇ ದಾರಿ ಇಲ್ಲ. ಬ್ಲ್ಯಾಂಕಿಂಗ್ ತಪ್ಪಾದ ಕಡೆಗಳಲ್ಲೆಲ್ಲ ನಾನು ಕಂಡದ್ದು ಇದನ್ನೇ: ಬೀಮ್ ಮುಚ್ಚಿದ್ದಾರೆ, ಸಾಲ ತೀರಿಸಿಲ್ಲ.

ಈ ಲೇಖನದ ಉದಾಹರಣೆಗಳೆಲ್ಲ ನೆಟ್ಟಗೆ ನಿಲ್ಲಿಸಿದ ಕರ್ಟನ್‌ಗೆ, ಅಂದರೆ ಬೀಮ್‌ಗಳು ಅಡ್ಡಲಾಗಿ ಹೋಗುವ, ಆಪರೇಟರ್ ಎದುರಿನಿಂದ ನೇರವಾಗಿ ಕೈ ಹಾಕುವ ಜೋಡಣೆಗೆ ಸೇರಿದವು. ಮೆನುವಿನ ಹೆಸರು, ದೀಪದ ಬಣ್ಣ ಇವೆಲ್ಲ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಹಾಗಾಗಿ ನಿಮ್ಮ ಮಾದರಿಯ ಮ್ಯಾನ್ಯುವಲ್ ಪಕ್ಕದಲ್ಲೇ ಇರಲಿ.

ಮೊದಲು: ಬ್ಲ್ಯಾಂಕಿಂಗ್ ನಿಜವಾಗಿಯೂ ಬೇಕಾ?

ಬ್ರಾಕೆಟನ್ನು 30 ಮಿ.ಮೀ. ಒಳಗೆ ಕತ್ತರಿಸಿದರೆ ಕೆಲಸ ಆಗುತ್ತದಾ? ಕರ್ಟನ್ನನ್ನು ಸ್ವಲ್ಪ ಮೇಲೆತ್ತಿ, ಕೆಳಗೆ ಉಳಿದ ಜಾಗಕ್ಕೆ ಗಟ್ಟಿ ತಗಡು ಹಾಕಬಹುದಾ? ಈ ಎರಡರಲ್ಲಿ ಒಂದು ಆದರೂ ಬ್ಲ್ಯಾಂಕಿಂಗ್ ಗೊಡವೆ ಬೇಡ. ಗ್ರೈಂಡರ್ ಹಿಡಿದು ಅರ್ಧ ಗಂಟೆ ಕೆಲಸ ಮಾಡುವುದು, ಮುಂದೆ ಹತ್ತು ವರ್ಷ ಒಂದು ವಿಶೇಷ ಸೆಟ್ಟಿಂಗ್ ಕಾಯುವುದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸೋಣ. ಪ್ಯಾಲೆಟ್ಟೋ ಬಾಕ್ಸೋ ಕರ್ಟನ್ ದಾಟಿ ಒಳಗೆ ಹೋಗಬೇಕು, ಮನುಷ್ಯ ಹೋಗಬಾರದು ಅಂದರೆ ಅದಕ್ಕೆ ಬೇಕಿರುವುದು ಮ್ಯೂಟಿಂಗ್. ಅಲ್ಲಿ ಬೇರೆ ಸೆನ್ಸರ್‌ಗಳು ಸಾಮಾನನ್ನು ಗುರುತಿಸಿ, ಸ್ವಲ್ಪ ಹೊತ್ತು ಮಾತ್ರ ಕರ್ಟನ್‌ನ ಕೆಲಸ ನಿಲ್ಲಿಸುತ್ತವೆ. ಬ್ಲ್ಯಾಂಕಿಂಗ್ ಹಾಗಲ್ಲ. ಅದು ಯಂತ್ರ ಓಡುವಷ್ಟು ಹೊತ್ತೂ ಇರುತ್ತದೆ, ಕೆಲವು ಬೀಮ್‌ಗಳಿಗೆ ಮಾತ್ರ ಸಂಬಂಧಿಸಿರುತ್ತದೆ. ಮ್ಯೂಟಿಂಗ್ ಬೇಕಾದ ಕಡೆ ಬ್ಲ್ಯಾಂಕಿಂಗ್ ಹಾಕಲು ಹೊರಟರೆ ಅರ್ಧ ಕರ್ಟನ್ನೇ ಕುರುಡಾಗುತ್ತದೆ.

ಮೂರು ಬಗೆ, ಮೂರು ಬೇರೆ ಅಪಾಯ

ಫಿಕ್ಸ್ಡ್ ಬ್ಲ್ಯಾಂಕಿಂಗ್‌ನಲ್ಲಿ ಯಾವ ಬೀಮ್‌ಗಳು ಮುಚ್ಚಿರಬೇಕು ಎಂದು ಜಾಗ ಸಮೇತ ಹೇಳುತ್ತೀರಿ. ಉದಾಹರಣೆಗೆ 12ರಿಂದ 15. ಅಲ್ಲಿ ಮೇಜಿನ ಅಂಚೋ ಬ್ರಾಕೆಟ್ಟೋ ಸದಾ ನಿಂತಿರಬೇಕು. ಒಳ್ಳೆಯ ಕರ್ಟನ್ ಆ ವಸ್ತು ಅಲ್ಲಿದೆಯಾ ಎಂದು ಕಾಯುತ್ತಲೇ ಇರುತ್ತದೆ. ಯಾರಾದರೂ ಬ್ರಾಕೆಟ್ ಬಿಚ್ಚಿ, ಆ ಬೀಮ್‌ಗಳಿಗೆ ಬೆಳಕು ಬಿತ್ತೋ, ಔಟ್‌ಪುಟ್ ಆಫ್, ಯಂತ್ರ ನಿಲ್ಲುತ್ತದೆ. ಇದೇ ಇದರ ದೊಡ್ಡ ಗುಣ. ಕೆಲವು ಉಪಕರಣಗಳಲ್ಲಿ ಈ ಕಾವಲು ಇಲ್ಲದೆ ಬೀಮನ್ನು ಸುಮ್ನೆ ಲೆಕ್ಕದಿಂದ ಬಿಡುವ ಆಯ್ಕೆಯೂ ಇರುತ್ತದೆ. ನನ್ನ ಸಲಹೆ, ಅದರ ಹತ್ತಿರ ಹೋಗಬೇಡಿ. ವಸ್ತು ಕಳಚಿ ಬಿದ್ದ ದಿನ ಅಲ್ಲೊಂದು ಕಿಟಕಿ ತೆರೆದಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಫ್ಲೋಟಿಂಗ್ ಬ್ಲ್ಯಾಂಕಿಂಗ್ ಚಲಿಸುವ ವಸ್ತುವಿಗೆ. ಪ್ರೆಸ್ ಬ್ರೇಕ್‌ನಲ್ಲಿ ಶೀಟ್ ಬಾಗುವಾಗ ಆಪರೇಟರ್ ಕಡೆಯ ಅಂಚು ಮೇಲಕ್ಕೆ ಏಳುತ್ತದಲ್ಲ, ಅಂಥದ್ದಕ್ಕೆ. ಇಷ್ಟು ಬೀಮ್‌ವರೆಗೆ, ಎಲ್ಲಿ ಬೇಕಾದರೂ ಮುಚ್ಚಬಹುದು ಎಂಬ ಅನುಮತಿ ಅದು. ಮುಚ್ಚಿದ ಬೀಮ್‌ಗಳು ಒಂದರ ಪಕ್ಕ ಒಂದು ಇರಬೇಕು. ವಸ್ತು ಸದಾ ಕರ್ಟನ್‌ನಲ್ಲಿ ಇರಲೇಬೇಕು ಎಂಬ ಷರತ್ತು ಕೆಲವು ಮಾದರಿಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ.

ಆ ಷರತ್ತು ಇಲ್ಲದ್ದನ್ನು ಹಲವು ಕಂಪನಿಗಳು ಕಡಿಮೆ ರೆಸಲ್ಯೂಷನ್ ಎಂಬ ಬೇರೆ ಹೆಸರಿನಲ್ಲಿ ಕರೆಯುತ್ತವೆ. ವಸ್ತು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹೆಸರೇ ಹೇಳುವಂತೆ, ಇಡೀ ಕರ್ಟನ್‌ನ ಕಣ್ಣು ಮಂಜಾಗುತ್ತದೆ. ಮೊದಲು ಬೆರಳು ಕಾಣುತ್ತಿದ್ದ ಕರ್ಟನ್‌ಗೆ ಈಗ ಕೈ ಮಾತ್ರ ಕಾಣುತ್ತದೆ, ಅದೂ ಮೇಲಿನಿಂದ ಕೆಳಗಿನವರೆಗೆ ಎಲ್ಲ ಕಡೆ.

ವಸ್ತು ಅಲ್ಲಾಡದಿದ್ದರೆ ಫಿಕ್ಸ್ಡ್ ಬಿಟ್ಟು ಬೇರೆ ಯೋಚನೆಯೇ ಬೇಡ. "ಫ್ಲೋಟಿಂಗ್ ಹಾಕಿದರೆ ಎಲ್ಲ ಟೂಲ್‌ಗೂ ಆಗುತ್ತದೆ" ಎಂಬ ಮಾತು ಕೇಳಲು ಚೆನ್ನ, ಅಷ್ಟೇ.

ಹೆಜ್ಜೆ 1: ಕೈಗೆ ಸ್ಕೇಲ್ ತೆಗೆದುಕೊಳ್ಳಿ

ಮೂರು ಅಳತೆ ಬೇಕು. ಕರ್ಟನ್‌ನ ರೆಸಲ್ಯೂಷನ್, ಬೀಮ್‌ಗಳ ಪಿಚ್ (ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಅಂತರ), ಅಡ್ಡ ಬರುವ ವಸ್ತುವಿನ ಎತ್ತರ. ಮೊದಲಿನ ಎರಡು ನೇಮ್‌ಪ್ಲೇಟ್‌ನಲ್ಲೋ ಮ್ಯಾನ್ಯುವಲ್‌ನಲ್ಲೋ ಸಿಗುತ್ತವೆ. ರೆಸಲ್ಯೂಷನ್ ಎಂದರೆ ಕರ್ಟನ್ ಯಾವ ಜಾಗದಲ್ಲೂ ತಪ್ಪದೆ ಹಿಡಿಯುವ ಅತಿ ಚಿಕ್ಕ ವಸ್ತುವಿನ ಗಾತ್ರ. ಪಿಚ್‌ಗೆ ಬೀಮ್‌ನ ವ್ಯಾಸ ಸೇರಿಸಿದರೆ ಅದೇ ಬರುತ್ತದೆ. ಬೆರಳಿಗೆಂದು ಮಾಡಿದ 14 ಮಿ.ಮೀ. ಕರ್ಟನ್‌ನಲ್ಲಿ ಪಿಚ್ 10 ಇದ್ದರೆ ಬೀಮ್‌ನ ವ್ಯಾಸ 4 ಅಂತ ಲೆಕ್ಕ.

ಈಗ ವಸ್ತು ಎಷ್ಟು ಬೀಮ್ ಮುಚ್ಚುತ್ತದೆ? ಇಲ್ಲಿ ಪಿಚ್‌ನಿಂದ ಸುಮ್ನೆ ಭಾಗಿಸಿ ಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ, ಎರಡು ಲೆಕ್ಕ ಮಾಡಿ. ಎತ್ತರದಿಂದ ಬೀಮ್‌ನ ವ್ಯಾಸ ಕಳೆದು ಪಿಚ್‌ನಿಂದ ಭಾಗಿಸಿ, ಪಾಯಿಂಟ್ ನಂತರದ್ದು ಬಿಡಿ: ಕನಿಷ್ಠ ಅಷ್ಟು ಬೀಮ್ ಪೂರ್ತಿ ಮುಚ್ಚಿರುತ್ತವೆ. ಎತ್ತರಕ್ಕೆ ವ್ಯಾಸ ಕೂಡಿಸಿ ಭಾಗಿಸಿ, ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ: ಹೆಚ್ಚೆಂದರೆ ಅಷ್ಟು ಬೀಮ್‌ಗೆ ವಸ್ತು ತಾಗುತ್ತದೆ.

45 ಮಿ.ಮೀ. ದಪ್ಪದ ಮೇಜಿನ ಅಂಚು ತೆಗೆದುಕೊಳ್ಳಿ. 45ರಲ್ಲಿ 4 ಕಳೆದರೆ 41, ಪಿಚ್ 10, ಅಂದರೆ 4 ಬೀಮ್ ಖಂಡಿತ ಮುಚ್ಚುತ್ತದೆ. 45ಕ್ಕೆ 4 ಕೂಡಿಸಿದರೆ 49, ಅಂದರೆ ಐದನೆಯದಕ್ಕೂ ತಾಗಬಹುದು. ಈ ಐದನೆಯ, ಅರ್ಧ ಮುಚ್ಚಿದ ಬೀಮ್ ಇದೆಯಲ್ಲ, ನಿಮ್ಮ ಮುಂದಿನ ಆರು ತಿಂಗಳ ತಲೆನೋವು ಅದೇ. ಯಂತ್ರ ನಿಂತಾಗ ಅದು ತೆರೆದಿದೆ ಅನ್ನುತ್ತದೆ, ಓಡುವಾಗ ಅದುರಿ ಮುಚ್ಚಿದೆ ಅನ್ನುತ್ತದೆ. ಕಾರಣವಿಲ್ಲದೆ ಟ್ರಿಪ್ ಆಗುತ್ತಿದೆ ಎಂಬ ದೂರು ಬಂದರೆ ನಾನು ಮೊದಲು ಹುಡುಕುವುದು ಇಂಥ ಬೀಮನ್ನೇ. ಮೇಜನ್ನೋ ಕರ್ಟನ್ನನ್ನೋ ಎರಡು ಮೂರು ಮಿ.ಮೀ. ಮೇಲೆ ಕೆಳಗೆ ಮಾಡಿ, ವಸ್ತುವಿನ ಅಂಚು ಎರಡು ಬೀಮ್‌ಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ನೋಡಿಕೊಳ್ಳಿ. ಒಂದು ತೆಳು ಶಿಮ್ (ಅಡಿಗೆ ಇಡುವ ತಗಡಿನ ಚೂರು) ಸಾಕಾಗುತ್ತದೆ.

ಅದು ಸಾಧ್ಯವಾಗದಿದ್ದರೆ, ಹಲವು ಕರ್ಟನ್‌ಗಳಲ್ಲಿ ಅಂಚಿಗೆ ಒಂದು ಬೀಮ್ ಸಡಿಲಿಕೆ ಕೊಡುವ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಆ ಅಂಚಿನ ಪಕ್ಕದಲ್ಲಿ ರೆಸಲ್ಯೂಷನ್ 14 ಉಳಿಯುವುದಿಲ್ಲ, 24 ಆಗುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆ ಬೇಕು.

ಪ್ರೆಸ್ ಬ್ರೇಕ್‌ನ ಶೀಟ್‌ದು ಬೇರೆ ಕತೆ. 3 ಮಿ.ಮೀ. ಶೀಟ್ ಎರಡು ಬೀಮ್‌ಗಳ ನಡುವೆ ಯಾವುದಕ್ಕೂ ತಾಗದೆ ನುಸುಳಿಬಿಡುತ್ತದೆ. ಅದಕ್ಕೇ ವಸ್ತು ಸದಾ ಇರಬೇಕು ಎಂಬ ಷರತ್ತಿನ ಫ್ಲೋಟಿಂಗ್ ಇಲ್ಲಿ ನಡೆಯುವುದಿಲ್ಲ, ಶೀಟ್ ಅಲ್ಲೇ ಇದ್ದರೂ ಕರ್ಟನ್ ಇಲ್ಲ ಎಂದುಕೊಂಡು ಟ್ರಿಪ್ ಆಗುತ್ತದೆ. ಜೊತೆಗೆ ಶೀಟ್ ಓರೆಯಾದಾಗ ಕರ್ಟನ್‌ಗೆ ಕಾಣುವ ದಪ್ಪ ಜಾಸ್ತಿ. 90 ಡಿಗ್ರಿ ಬೆಂಡ್ ಮುಗಿಯುವಾಗ ಅಂಚು 45 ಡಿಗ್ರಿ ಎದ್ದಿರುತ್ತದೆ, ಆಗ 3 ಮಿ.ಮೀ. ಶೀಟ್ ಸುಮಾರು 4.2 ಆಗಿ ಕಾಣುತ್ತದೆ. ಆದರೂ 4.2ಕ್ಕೆ 4 ಕೂಡಿದರೆ 8.2, ಪಿಚ್ 10. ಒಂದು ಬೀಮ್ ಅನುಮತಿ ಸಾಕು. "ಇರಲಿ, ಎರಡು ಕೊಡಿ" ಅನ್ನುವವರಿಗೆ ಮುಂದಿನ ಹೆಜ್ಜೆ ತೋರಿಸಿ.

ಹೆಜ್ಜೆ 2: ದೂರದ ಲೆಕ್ಕ ಮತ್ತೆ ಮಾಡಿ

ಇಡೀ ಕೆಲಸದ ಎದೆ ಇದು. ನಿಧಾನವಾಗಿ ನೋಡೋಣ.

ಬ್ಲ್ಯಾಂಕ್ ಮಾಡಿದ ಪ್ರತಿ ಬೀಮ್‌ಗೂ ರೆಸಲ್ಯೂಷನ್ ಒಂದು ಪಿಚ್‌ನಷ್ಟು ದಪ್ಪವಾಗುತ್ತದೆ. 14 ಮಿ.ಮೀ. ಕರ್ಟನ್, ಪಿಚ್ 10: ಒಂದು ಬೀಮ್‌ಗೆ 24, ಎರಡಕ್ಕೆ 34, ಮೂರಕ್ಕೆ 44. ಹೀಗೆ ಬರುವ ಸಂಖ್ಯೆಯನ್ನು ಪರಿಣಾಮಕ ರೆಸಲ್ಯೂಷನ್ ಅನ್ನುತ್ತಾರೆ. ಕರ್ಟನ್ ಎಲ್ಲಿರಬೇಕು ಎನ್ನುವುದನ್ನು ನಿರ್ಧರಿಸುವುದು ಇದು, ಡಬ್ಬದ ಮೇಲೆ ಬರೆದ 14 ಅಲ್ಲ.

ದೂರಕ್ಕೆ ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13855ರ ಸೂತ್ರ ಹೀಗಿದೆ:

ದೂರ = ಕೈಯ ವೇಗ × ಒಟ್ಟು ನಿಲ್ಲುವ ಸಮಯ + ಹೆಚ್ಚುವರಿ ದೂರ

2010ರ ಆವೃತ್ತಿಯ ಪ್ರಕಾರ, ರೆಸಲ್ಯೂಷನ್ 40 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೇಗ ಸೆಕೆಂಡಿಗೆ 2000 ಮಿ.ಮೀ. ಹೆಚ್ಚುವರಿ ದೂರಕ್ಕೆ ರೆಸಲ್ಯೂಷನ್‌ನಿಂದ 14 ಕಳೆದು 8ರಿಂದ ಗುಣಿಸಬೇಕು. ಒಟ್ಟು ದೂರ 500 ದಾಟಿದರೆ ವೇಗ 1600 ಇಟ್ಟು ಮತ್ತೊಮ್ಮೆ ಲೆಕ್ಕ ಮಾಡಬಹುದು, ಆದರೆ ಆಗ 500ಕ್ಕಿಂತ ಕೆಳಗೆ ಬರುವಂತಿಲ್ಲ. ಉತ್ತರ ಎಷ್ಟೇ ಚಿಕ್ಕದಾದರೂ 100ಕ್ಕಿಂತ ಕಡಿಮೆ ಇಡುವಂತಿಲ್ಲ. ರೆಸಲ್ಯೂಷನ್ 40 ದಾಟಿ 70ರೊಳಗೆ ಇದ್ದರೆ ವೇಗ 1600, ಹೆಚ್ಚುವರಿ ದೂರ ನೇರವಾಗಿ 850 ಮಿ.ಮೀ. ಕರ್ಟನ್ ಬೆರಳು, ಅಂಗೈ ಹಿಡಿಯದಷ್ಟು ಮಂಜಾದರೆ ಇಡೀ ತೋಳು ಒಳಗೆ ಹೋಗಬಹುದು, ಅದಕ್ಕೆ ಈ 850. 2024ರಲ್ಲಿ ಹೊಸ ಆವೃತ್ತಿ ಬಂದಿದೆ, ಅಂತಿಮ ಲೆಕ್ಕವನ್ನು ನಿಮ್ಮ ಯಂತ್ರಕ್ಕೆ ಅನ್ವಯಿಸುವ ಆವೃತ್ತಿಯಿಂದಲೇ ಮಾಡಿ.

ಈಗ ಒಂದು ಪ್ರೆಸ್. ಕರ್ಟನ್‌ನ ಪ್ರತಿಕ್ರಿಯೆ 15 ಮಿಲಿಸೆಕೆಂಡ್, ಅದರ ಸಂಕೇತ ಹಿಡಿದು ಯಂತ್ರ ನಿಲ್ಲಿಸುವ ಸೇಫ್ಟಿ ರಿಲೇ 20, ಯಂತ್ರ ನಿಲ್ಲಲು 165. ಒಟ್ಟು 200 ಮಿಲಿಸೆಕೆಂಡ್, ಅಂದರೆ 0.2 ಸೆಕೆಂಡ್.

ಬ್ಲ್ಯಾಂಕಿಂಗ್ ಇಲ್ಲದೆ: 2000 × 0.2 = 400. ಹೆಚ್ಚುವರಿ ಸೊನ್ನೆ. ದೂರ 400 ಮಿ.ಮೀ.

ಒಂದು ಬೀಮ್: ರೆಸಲ್ಯೂಷನ್ 24, ಹೆಚ್ಚುವರಿ 80. ದೂರ 480.

ಎರಡು ಬೀಮ್: ರೆಸಲ್ಯೂಷನ್ 34, ಹೆಚ್ಚುವರಿ 160. ಕೂಡಿದರೆ 560. 500 ದಾಟಿತು, ಹಾಗಾಗಿ 1600 × 0.2 + 160 = 480. ಆದರೆ 500ಕ್ಕಿಂತ ಕೆಳಗೆ ಬರುವಂತಿಲ್ಲ ಅಂದೆವಲ್ಲ, ಆದ್ದರಿಂದ 500.

ಮೂರು ಬೀಮ್: ರೆಸಲ್ಯೂಷನ್ 44. ಲೆಕ್ಕವೇ ಬೇರೆ ಮನೆಗೆ ಹಾರಿತು. 1600 × 0.2 + 850 = 1170 ಮಿ.ಮೀ.

ಎರಡರಿಂದ ಮೂರಕ್ಕೆ ಹೋದದ್ದಕ್ಕೆ 670 ಮಿ.ಮೀ. ದಂಡ. ಪ್ರೆಸ್‌ನಿಂದ ಒಂದು ಮೀಟರ್‌ಗಿಂತ ದೂರದಲ್ಲಿ ನಿಂತು ಯಾರು ತಾನೇ ಪಾರ್ಟ್ ಹಾಕುತ್ತಾರೆ? ಅಷ್ಟು ದೂರ ಸರಿಸಿದರೆ ಕರ್ಟನ್‌ಗೂ ಯಂತ್ರಕ್ಕೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಜಾಗ ಆಗುತ್ತದೆ, ಆಗ ಅದನ್ನು ಕಾಯಲು ಇನ್ನೊಂದು ವ್ಯವಸ್ಥೆ ಬೇಕು. ಅದಕ್ಕೇ 40ರ ಗೆರೆ ದಾಟಬೇಡಿ ಅಂತ ನಾನು ಹಟ ಹಿಡಿಯುವುದು. 30 ಮಿ.ಮೀ. ರೆಸಲ್ಯೂಷನ್, 20 ಪಿಚ್‌ನ ಕರ್ಟನ್ ಇರುವವರು ಇನ್ನೂ ಹುಷಾರಾಗಿರಬೇಕು: ಒಂದೇ ಒಂದು ಬೀಮ್ ಫ್ಲೋಟಿಂಗ್ ಕೊಟ್ಟರೂ 50 ಆಗಿ ಗೆರೆ ದಾಟಿಬಿಡುತ್ತದೆ. ಫ್ಲೋಟಿಂಗ್ ಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ 14ರ ಕರ್ಟನ್ ಕೊಳ್ಳುವುದೇ ಜಾಣತನ.

ಯಂತ್ರ ನಿಲ್ಲುವ ಸಮಯವನ್ನು ಹಳೆಯ ಕಾಗದದಿಂದ ತೆಗೆದುಕೊಳ್ಳಬೇಡಿ. ಸ್ಟಾಪ್ ಟೈಮ್ ಮೀಟರ್ ಹಾಕಿ, ಅತಿ ಭಾರದ ಟೂಲ್ ಇಟ್ಟು, ಅತಿ ಹೆಚ್ಚು ವೇಗದಲ್ಲಿ, ಯಂತ್ರ ಬಿಸಿಯಾದ ಮೇಲೆ ಹಲವು ಬಾರಿ ಅಳೆಯಿರಿ. ಬಂದದ್ದರಲ್ಲಿ ಕೆಟ್ಟದ್ದನ್ನೇ ಹಿಡಿಯಿರಿ. ಕರ್ಟನ್‌ನ ಪ್ರತಿಕ್ರಿಯೆ ಸಮಯವೂ ಸೆಟ್ಟಿಂಗ್ ಮೇಲೆ ಬದಲಾಗುವ ಮಾದರಿಗಳಿವೆ, ಮ್ಯಾನ್ಯುವಲ್‌ನ ಟೇಬಲ್ ನೋಡಿ.

ಹೆಜ್ಜೆ 3: ವಸ್ತುವಿನ ಎರಡೂ ಪಕ್ಕ ನೋಡಿ

ಫಿಕ್ಸ್ಡ್ ಬ್ಲ್ಯಾಂಕಿಂಗ್ ಮಾಡುವವರು ಅತಿ ಹೆಚ್ಚು ಮರೆಯುವುದು ಇದನ್ನು. ಎಮಿಟರ್, ರಿಸೀವರ್ ನಡುವೆ 1200 ಮಿ.ಮೀ. ಇದೆ ಅನ್ನಿ. ನಡುವೆ 500 ಅಗಲದ ಮೇಜು. ಮೇಜಿನ ಎತ್ತರಕ್ಕೆ 4 ಬೀಮ್ ಬ್ಲ್ಯಾಂಕ್ ಮಾಡಿದಿರಿ. ಆ 4 ಬೀಮ್‌ಗಳು ಕುರುಡಾದದ್ದು ಮೇಜು ಇರುವಲ್ಲಿ ಮಾತ್ರ ಅಲ್ಲ, 1200 ಉದ್ದಕ್ಕೂ. ಎಡಕ್ಕೆ 350, ಬಲಕ್ಕೆ 350 ಉದ್ದದ ಎರಡು ಸಂದುಗಳು ಉಳಿದವು. ಅಲ್ಲಿ ರೆಸಲ್ಯೂಷನ್ 14ಕ್ಕೆ 40 ಕೂಡಿ 54. ಅಂಗೈ ಚಪ್ಪಟೆ ಮಾಡಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಕರ್ಟನ್‌ಗೆ ಸುಳಿವೂ ಸಿಗುವುದಿಲ್ಲ.

ಈ ಸಂದುಗಳನ್ನು ಗಟ್ಟಿ ತಗಡಿನಿಂದ, ಮೇಜಿನ ಅಂಚಿನಿಂದ ಎಮಿಟರ್‌ವರೆಗೆ, ಇನ್ನೊಂದು ಕಡೆ ರಿಸೀವರ್‌ವರೆಗೆ ಮುಚ್ಚಬೇಕು. ಮ್ಯಾಗ್ನೆಟ್, ಟೇಪ್, ಕೇಬಲ್ ಟೈ ಬೇಡ. ಸ್ಪ್ಯಾನರ್ ಇಲ್ಲದೆ ಬಿಚ್ಚಲಾಗದ ಬೋಲ್ಟ್ ಹಾಕಿ.

ತಗಡನ್ನು ಎಲ್ಲಿಗೆ ಬಿಗಿಯುತ್ತೀರಿ ಎನ್ನುವುದರಲ್ಲೂ ಒಂದು ಗುಟ್ಟಿದೆ. ಯಂತ್ರದ ಫ್ರೇಮ್‌ಗೆ ಬಿಗಿದು, ತಗಡೇ ಆ 4 ಬೀಮ್‌ಗಳಿಗೆ ಅಡ್ಡ ನಿಂತರೆ ಏನಾಗುತ್ತದೆ? ನಾಳೆ ಮೇಜು ತೆಗೆದರೂ ತಗಡು ಬೀಮ್ ಮುಚ್ಚಿಕೊಂಡೇ ಇರುತ್ತದೆ. ಕರ್ಟನ್ "ವಸ್ತು ಇದೆ" ಎಂದುಕೊಂಡು ಹಸಿರು ತೋರಿಸುತ್ತದೆ, ನಡುವೆ 500 ಅಗಲದ ಬಾಗಿಲು ತೆರೆದಿರುತ್ತದೆ. ಕಾವಲುಗಾರನ ಕಣ್ಣಿಗೆ ನಾವೇ ಬಟ್ಟೆ ಕಟ್ಟಿದ ಹಾಗೆ. ತಗಡನ್ನು ಮೇಜಿಗೇ ಬಿಗಿಯಿರಿ. ಮೇಜು ಹೋದರೆ ತಗಡೂ ಹೋಗಬೇಕು, ಬೀಮ್ ತೆರೆಯಬೇಕು, ಯಂತ್ರ ನಿಲ್ಲಬೇಕು.

ತಗಡು, ಬ್ರಾಕೆಟ್ ಎರಡಕ್ಕೂ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯಿರಿ. ಹೊಳೆಯುವ ಮೈಗೆ ಬೀಮ್ ಬಡಿದು, ಮಧ್ಯೆ ಇರುವ ಕೈಯನ್ನು ಸುತ್ತಿಕೊಂಡು ರಿಸೀವರ್ ಸೇರಬಹುದು. ಬೇರೆ ಹೊಳೆಯುವ ಭಾಗಗಳು ಬೀಮ್‌ನಿಂದ ಎಷ್ಟು ದೂರ ಇರಬೇಕು ಎಂಬುದಕ್ಕೂ ಲೆಕ್ಕವಿದೆ: ಟೈಪ್ 4 (ಅತಿ ಹೆಚ್ಚು ಸುರಕ್ಷತೆಯ ದರ್ಜೆ) ಕರ್ಟನ್‌ಗೆ, ಎಮಿಟರ್ ರಿಸೀವರ್ ಅಂತರ 3 ಮೀಟರ್‌ವರೆಗೆ 131 ಮಿ.ಮೀ., ಆಮೇಲೆ ಅಂತರ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಬ್ಲ್ಯಾಂಕಿಂಗ್‌ನಲ್ಲಿ ವಸ್ತು ಬೀಮ್‌ಗಳ ನಡುವೆಯೇ ಕೂತಿರುವುದರಿಂದ ಈ ದೂರ ಇಡಲು ಆಗುವುದಿಲ್ಲ. ಮ್ಯಾಟ್ ಬಣ್ಣ ಹೊಡೆದು, ಟೆಸ್ಟ್ ರಾಡ್ ಹಿಡಿದು ಖಚಿತ ಮಾಡಿಕೊಳ್ಳುವುದೇ ದಾರಿ.

ಹೆಜ್ಜೆ 4: ಈಗ ಆ ಎರಡು ನಿಮಿಷ

ಯಂತ್ರದ ಪವರ್ ತೆಗೆದು ಲಾಕ್ ಹಾಕಿ, ಕರ್ಟನ್‌ಗೆ ಮಾತ್ರ ಪವರ್ ಇರಲಿ. ಈಗಿರುವ ಸೆಟ್ಟಿಂಗನ್ನು ಮೊದಲು ಉಳಿಸಿಕೊಳ್ಳಿ. ಸಾಫ್ಟ್‌ವೇರ್ ಇದ್ದರೆ ಫೈಲ್, ಸ್ವಿಚ್ ಇದ್ದರೆ ಫೋಟೋ.

ಸೆಟ್ ಮಾಡುವ ರೀತಿ ಸಾಮಾನ್ಯವಾಗಿ ಮೂರು. ಡಿಪ್ ಸ್ವಿಚ್ (ಪುಟ್ಟ ಸ್ವಿಚ್‌ಗಳ ಸಾಲು) ಇರುವ ಮಾದರಿಗಳಲ್ಲಿ ಒಂದೇ ಆಯ್ಕೆಗೆ ಎರಡು ಸ್ವಿಚ್ ಇರುವುದುಂಟು. ಎರಡನ್ನೂ ಒಂದೇ ರೀತಿ ಇಡಬೇಕು, ಇಲ್ಲದಿದ್ದರೆ ಕರ್ಟನ್ ಲಾಕೌಟ್‌ಗೆ, ಅಂದರೆ ದೋಷ ತೋರಿಸಿ ಪೂರ್ತಿ ನಿಲ್ಲುವ ಸ್ಥಿತಿಗೆ, ಹೋಗುತ್ತದೆ. ಬದಲಿಸಿದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಬೇಕಾಗಬಹುದು.

ಟೀಚ್ ಮಾಡುವ, ಅಂದರೆ ಎದುರಿಗಿರುವುದನ್ನು ನೋಡಿ ಕರ್ಟನ್ನೇ ಕಲಿಯುವ ಮಾದರಿಗಳಲ್ಲಿ ವಸ್ತುವನ್ನು ಅದರ ಜಾಗದಲ್ಲಿ ಬಿಗಿದು, ಕರ್ಟನ್ ಮುಂದೆ ಬೇರೇನೂ ಇಲ್ಲ ಎಂದು ನೋಡಿ, ಕೀ ತಿರುಗಿಸಿ, ದೀಪ ಸೂಚನೆ ಕೊಡುವವರೆಗೆ ಕಾದು, ಕೀ ವಾಪಸ್ ತಿರುಗಿಸಿ ರೀಸೆಟ್ ಮಾಡುವುದು. ಟೀಚ್ ಮಾಡುವಾಗ ನಿಮ್ಮ ಮೊಣಕೈಯೋ, ನೇತಾಡುವ ಕೇಬಲ್ಲೋ ಕರ್ಟನ್‌ನಲ್ಲಿ ಇದ್ದರೆ ಅದನ್ನೂ ಕಲಿತುಬಿಡುತ್ತದೆ. ಎರಡು ಹೆಜ್ಜೆ ಹಿಂದೆ ನಿಲ್ಲಿ.

ಸಾಫ್ಟ್‌ವೇರ್ ಇದ್ದರೆ ಬೀಮ್ ನಂಬರ್ ಬರೆದು ಸೆಟ್ ಮಾಡಬಹುದು. ನಂಬರ್ ಯಾವ ತುದಿಯಿಂದ ಶುರು ಎಂದು ಊಹೆ ಮಾಡಬೇಡಿ. ಪರದೆಯಲ್ಲಿ ಬೀಮ್‌ಗಳ ಸ್ಥಿತಿ ತೆರೆದಿಟ್ಟುಕೊಂಡು, ಒಂದು ಪೆನ್ ಅಡ್ಡ ಹಿಡಿದು ಯಾವ ನಂಬರ್ ಮುಚ್ಚಿತು ಎಂದು ನೋಡಿ. ಕರ್ಟನ್ ತಲೆಕೆಳಗಾಗಿ ಕೂರಿಸಿದ್ದರೆ ಮೇಲಿನದ್ದು ಕೆಳಗೆ ಆಗಿರುತ್ತದೆ, ಈ ಪೆನ್ ಆಗ ಬಹಳ ಕೆಲಸಕ್ಕೆ ಬರುತ್ತದೆ.

ಎಮಿಟರ್, ರಿಸೀವರ್ ಬೆಳಕಿನ ಮೂಲಕವೇ ತಾಳ ಹೊಂದಿಸಿಕೊಳ್ಳುವ ಕರ್ಟನ್‌ಗಳಲ್ಲಿ ತುದಿಯ ಒಂದು ಬೀಮ್ ಸಿಂಕ್‌ಗೆ ಮೀಸಲು. ಅದನ್ನು ಬ್ಲ್ಯಾಂಕ್ ಮಾಡಲು ಬರುವುದಿಲ್ಲ. ವಸ್ತು ಅದೇ ತುದಿಯಲ್ಲಿದ್ದರೆ ಕರ್ಟನ್ನನ್ನು ತಿರುಗಿಸಿ ಕೂರಿಸುವುದು ಸುಲಭ. ಎಮಿಟರ್, ರಿಸೀವರ್ ಎರಡನ್ನೂ ತಿರುಗಿಸಬೇಕು, ಒಂದನ್ನಲ್ಲ.

ಮುಗಿದ ಮೇಲೆ ಪಾಸ್‌ವರ್ಡ್ ಹಾಕಿ. ಕಂಪನಿ ಕೊಟ್ಟ ಮೂಲ ಪಾಸ್‌ವರ್ಡ್ ಹಾಗೇ ಬಿಟ್ಟರೆ ಅದು ಪಾಸ್‌ವರ್ಡ್ ಅಲ್ಲ.

ಹೆಜ್ಜೆ 5: ಟೆಸ್ಟ್ ರಾಡ್

ಪರಿಣಾಮಕ ರೆಸಲ್ಯೂಷನ್‌ಗೆ ಸರಿಯಾದ ವ್ಯಾಸದ ರಾಡ್ ಬೇಕು. ಕರ್ಟನ್ ಜೊತೆ ಬಂದ 14 ಮಿ.ಮೀ. ರಾಡ್ ಒಂದರಿಂದ ಕೆಲಸ ಆಗುವುದಿಲ್ಲ. ಎರಡು ಬೀಮ್ ಫ್ಲೋಟಿಂಗ್ ಇದ್ದರೆ 34ರದ್ದು ಬೇಕು. ಸ್ಟೋರ್‌ನಲ್ಲಿ ಸಿಕ್ಕ ಹೊಳೆಯುವ ಪೈಪ್ ತುಂಡು ಬೇಡ. ಅಳತೆ ಸರಿಯಿರುವ, ಹೊಳಪಿಲ್ಲದ ರಾಡ್ ಇರಲಿ.

ರಾಡನ್ನು ಅಡ್ಡಲಾಗಿ ಒಳಗೆ ತೂರಿಸಿ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿ. ಒಮ್ಮೆ ಎಮಿಟರ್ ಪಕ್ಕ, ಒಮ್ಮೆ ರಿಸೀವರ್ ಪಕ್ಕ, ಒಮ್ಮೆ ನಡುವೆ. ಮೂರೂ ಕಡೆ, ಪೂರ್ತಿ ಎತ್ತರಕ್ಕೆ, ಒಂದು ಕ್ಷಣವೂ ಕರ್ಟನ್ "ತೆರೆದಿದೆ" ಅನ್ನಬಾರದು.

ಇಲ್ಲೊಂದು ಮೋಸ ಇದೆ. ರೀಸ್ಟಾರ್ಟ್ ಇಂಟರ್‌ಲಾಕ್ ಆನ್ ಇದ್ದರೆ ಕರ್ಟನ್ ಒಮ್ಮೆ ಟ್ರಿಪ್ ಆದ ಮೇಲೆ ರೀಸೆಟ್ ಒತ್ತುವವರೆಗೆ ಕೆಂಪಾಗಿಯೇ ಇರುತ್ತದೆ. ರಾಡ್ ನಡುವೆ ಎಲ್ಲೋ ಕಣ್ತಪ್ಪಿಸಿಕೊಂಡರೂ ಕೆಂಪು ಬದಲಾಗುವುದಿಲ್ಲ. ನೀವು ಕೆಂಪು ನೋಡಿ ಖುಷಿಯಾಗಿ "ಪಾಸ್" ಅಂತ ಬರೆಯುತ್ತೀರಿ. ಹಾಗಾಗಿ ಕೆಂಪು ದೀಪ ಬಿಟ್ಟು, ರೀಸೆಟ್‌ಗೆ ಸಿದ್ಧ ಎಂದು ಹೇಳುವ ದೀಪದ ಮೇಲೆ ಕಣ್ಣಿಡಿ. ಬಹಳ ಕಡೆ ಅದು ಹಳದಿ. ರಾಡ್ ಒಳಗಿರುವಾಗ ಅದು ಒಮ್ಮೆ ಮಿನುಗಿದರೂ ಪರೀಕ್ಷೆ ಫೇಲ್. ಒಬ್ಬರು ರಾಡ್ ಹಿಡಿಯಲಿ, ಇನ್ನೊಬ್ಬರು ದೀಪ ನೋಡಲಿ.

ಫಿಕ್ಸ್ಡ್ ಇದ್ದರೆ ಬ್ಲ್ಯಾಂಕ್ ಮಾಡದ ಜಾಗದಲ್ಲಿ 14ರ ರಾಡ್ ಈಗಲೂ ಸಿಕ್ಕಿಬೀಳಬೇಕು. ವಸ್ತುವಿನ ಮೇಲಂಚು, ಕೆಳಂಚಿಗೆ ರಾಡ್ ತಾಗಿಸಿಕೊಂಡು ಹೋಗಿ. ಸಡಿಲಿಕೆ ಕೊಟ್ಟಿದ್ದರೆ ಅಲ್ಲಿ ಮಾತ್ರ 24ರ ರಾಡ್. ಪಕ್ಕದ ತಗಡುಗಳ ಸಂದಿಗೂ ರಾಡ್ ತೂರಿಸಲು ನೋಡಿ. ಆಮೇಲೆ ವಸ್ತುವನ್ನೇ ಬಿಚ್ಚಿ ತೆಗೆಯಿರಿ. ಔಟ್‌ಪುಟ್ ಆಫ್ ಆಗಲೇಬೇಕು. ಆಗದಿದ್ದರೆ ತಗಡು ಎಲ್ಲಿ ಬಿಗಿದಿದ್ದೀರಿ ಎಂದು ಹೋಗಿ ನೋಡಿ. ಕೊನೆಗೆ ಪವರ್ ತೆಗೆದು ಹಾಕಿ, ಸೆಟ್ಟಿಂಗ್ ಹಾಗೇ ಉಳಿದಿದೆಯಾ ಎಂದು ಇನ್ನೊಮ್ಮೆ ರಾಡ್ ಇಳಿಸಿ.

ಫ್ಲೋಟಿಂಗ್ ಇದ್ದರೆ ಆಪರೇಟರನ್ನು ಕರೆದು 14ರ ರಾಡನ್ನೂ ಒಳಗೆ ಹಾಕಿ ತೋರಿಸಿ. ಕೆಲವು ಕಡೆ ಕರ್ಟನ್ ಹಸಿರಾಗಿಯೇ ಇರುತ್ತದೆ. "ಇವರು ಹಾಕಿದ್ದು ನನ್ನ ಬೆರಳಿನಷ್ಟೇ ದಪ್ಪ ಇದೆಯಲ್ಲ" ಎಂದು ಅವರಿಗೇ ಹೊಳೆಯುತ್ತದೆ. ಅರ್ಧ ದಿನದ ತರಬೇತಿಗಿಂತ ಈ ಹತ್ತು ಸೆಕೆಂಡ್ ಜಾಸ್ತಿ ನೆನಪಿರುತ್ತದೆ.

ಟೂಲ್ ಬದಲಾದಾಗ

ಒಂದು ಕಡೆ ನಾನು ಮೇಜಿನ ಬ್ರಾಕೆಟ್‌ಗೆ ಫಿಕ್ಸ್ಡ್ ಬ್ಲ್ಯಾಂಕಿಂಗ್ ಹಾಕಿ, ಪರೀಕ್ಷೆ ಮಾಡಿ, ಕಾಗದ ಬರೆದು ಬಂದಿದ್ದೆ. ಕೆಲವು ವಾರ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಸುಮ್ನೆ 14ರ ರಾಡ್ ಹಾಕಿ ನೋಡಿದೆ. ಹಸಿರು. ಮತ್ತೆ ಹಾಕಿದೆ. ಹಸಿರು. ವಿಚಾರಿಸಿದಾಗ ಗೊತ್ತಾಯಿತು: ರಾತ್ರಿ ಶಿಫ್ಟ್‌ನಲ್ಲಿ ಬೇರೆ ಟೂಲ್ ಹಾಕಿದ್ದಾರೆ, ಅದಕ್ಕೆ ಬ್ರಾಕೆಟ್ ಇಲ್ಲ, ಕರ್ಟನ್ ತನ್ನ ಕೆಲಸ ಮಾಡಿ ಯಂತ್ರ ನಿಲ್ಲಿಸಿದೆ. ಪ್ರೊಡಕ್ಷನ್ ನಿಲ್ಲಬಾರದೆಂದು ಯಾರೋ ಫ್ಲೋಟಿಂಗ್‌ಗೆ ಬದಲಿಸಿದ್ದಾರೆ. ಎರಡೂ ಟೂಲ್‌ಗೂ ನಡೆಯಿತು, ಹಾಗೇ ಬಿಟ್ಟಿದ್ದಾರೆ. ಕರ್ಟನ್ ಮಾತ್ರ ಹಳೆಯ ದೂರದಲ್ಲೇ ನಿಂತಿತ್ತು.

ಅವರನ್ನು ಪೂರ್ತಿ ದೂರಲಾರೆ. ತಪ್ಪು ನನ್ನದೂ ಇತ್ತು. ಇನ್ನೊಂದು ಟೂಲ್ ಇದೆಯಾ ಎಂದು ನಾನು ಕೇಳಿಯೇ ಇರಲಿಲ್ಲ. ಈಗ ಮೊದಲ ದಿನವೇ ಎಲ್ಲ ಟೂಲ್‌ಗಳ ಪಟ್ಟಿ ಕೇಳುತ್ತೇನೆ. ಪ್ರತಿ ಟೂಲ್‌ಗೂ ಯಾವ ಬೀಮ್, ಎಷ್ಟು ರೆಸಲ್ಯೂಷನ್, ಎಷ್ಟು ದೂರ ಎಂದು ಲೆಕ್ಕ ಹಾಕಿ, ಎಲ್ಲಕ್ಕಿಂತ ಜಾಸ್ತಿ ದೂರ ಬೇಡುವ ಟೂಲ್‌ಗೆ ಕರ್ಟನ್ ಕೂರಿಸುವುದು. ಸಾಧ್ಯವಿದ್ದರೆ ಎಲ್ಲ ಟೂಲ್‌ಗೂ ಒಂದೇ ಎತ್ತರದ ಬ್ರಾಕೆಟ್ ಮಾಡಿಸಿಬಿಡಿ, ಸೆಟ್ಟಿಂಗ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಬದಲಿಸಲೇಬೇಕಾದರೆ ಟೀಚ್ ಕೀ ಒಬ್ಬ ಜವಾಬ್ದಾರರ ಜೇಬಿನಲ್ಲಿರಲಿ, ಪ್ರತಿ ಶಿಫ್ಟ್‌ಗೂ ಅಂಥ ಒಬ್ಬರಿರಲಿ, ಬದಲಿಸಿದಾಗಲೆಲ್ಲ ರಾಡ್ ಪರೀಕ್ಷೆ ಆಗಲಿ. ಕೀ ಸ್ವಿಚ್‌ನಲ್ಲೇ ನೇತಾಡುತ್ತಿದ್ದರೆ ಅದು ಬರೀ ಗುಂಡಿ.

ಸರಿಯಾಗದಿದ್ದರೆ ಎಲ್ಲಿ ನೋಡಬೇಕು

ಯಂತ್ರ ಓಡುವಾಗ ಮಾತ್ರ ಟ್ರಿಪ್ ಆದರೆ, ಹೇಳಿದೆನಲ್ಲ, ಅಂಚಿನ ಅರ್ಧ ಮುಚ್ಚಿದ ಬೀಮ್. ಬೆಳಗ್ಗೆ ಪವರ್ ಹಾಕಿದಾಗ ಮಾತ್ರ ಲಾಕೌಟ್ ಆದರೆ ವಸ್ತು ಅದರ ಜಾಗದಲ್ಲಿ ಇಲ್ಲದೇ ಇರಬಹುದು, ಸ್ವಚ್ಛ ಮಾಡುವವರು ಸರಿಸಿರುತ್ತಾರೆ. ಫ್ಲೋಟಿಂಗ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಟ್ರಿಪ್ ಆದರೆ ಶೀಟ್ ಜೊತೆ ಇನ್ನೇನಾದರೂ ಅಡ್ಡ ಬರುತ್ತಿದೆಯಾ ನೋಡಿ. ಆಪರೇಟರ್‌ನ ಗ್ಲೌಸ್ ಆಗಿದ್ದರೆ ಕರ್ಟನ್ ಸರಿಯಾಗಿಯೇ ಇದೆ. ಬೀಮ್ ಸಂಖ್ಯೆ ಹೆಚ್ಚಿಸಿ ಅದನ್ನು ಸುಮ್ಮನಾಗಿಸಬೇಡಿ.

ಕಾಗದ ಮತ್ತು ಸ್ಟಿಕರ್

ಯಂತ್ರದ ಫೈಲ್‌ನಲ್ಲಿ ಇವು ಇರಲಿ: ಬ್ಲ್ಯಾಂಕಿಂಗ್ ಬಗೆ, ಬೀಮ್ ನಂಬರ್‌ಗಳು, ಪರಿಣಾಮಕ ರೆಸಲ್ಯೂಷನ್, ಅಳೆದ ನಿಲ್ಲುವ ಸಮಯ, ದೂರದ ಲೆಕ್ಕ, ನಿಜವಾಗಿ ಇಟ್ಟ ದೂರ, ತಗಡುಗಳ ಫೋಟೋ, ಸಾಫ್ಟ್‌ವೇರ್ ತೋರಿಸುವ ಚೆಕ್‌ಸಮ್ (ಸೆಟ್ಟಿಂಗ್ ಬದಲಾದರೆ ತಾನೂ ಬದಲಾಗುವ ಸಂಖ್ಯೆ). ಚೆಕ್‌ಸಮ್ ಬರೆದಿಟ್ಟರೆ ಮುಂದೆ ಯಾರು ಮುಟ್ಟಿದರೂ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕರ್ಟನ್ ಪಕ್ಕದಲ್ಲಿ, ಆಪರೇಟರ್ ಕಣ್ಣಿನ ಎತ್ತರದಲ್ಲಿ ಒಂದು ಸ್ಟಿಕರ್. ನಾನು ಇಷ್ಟೇ ಬರೆಸುತ್ತೇನೆ: "ಫ್ಲೋಟಿಂಗ್ ಬ್ಲ್ಯಾಂಕಿಂಗ್, 1 ಬೀಮ್. ಪರೀಕ್ಷೆಗೆ 24 ಮಿ.ಮೀ. ರಾಡ್. ಬೆರಳು ಕಾಣುವುದಿಲ್ಲ. ಡೈಯಿಂದ ಕನಿಷ್ಠ 480 ಮಿ.ಮೀ." ಆ 24ರ ರಾಡನ್ನು ಸ್ಟಿಕರ್ ಕೆಳಗೇ ಒಂದು ಕ್ಲಿಪ್‌ಗೆ ಸಿಕ್ಕಿಸಿಡಿ, ಕಪಾಟಿನಲ್ಲಿಟ್ಟರೆ ಬೆಳಗಿನ ಪರೀಕ್ಷೆಗೆ ಅದನ್ನು ಹುಡುಕಲು ಯಾರೂ ಹೋಗುವುದಿಲ್ಲ.